ಕೊನೆಯಾಟದಲ್ಲಿ ದುರಾಸೆ

ಕರೆಂಟು ಹೋಗುವುದಕ್ಕೂ ಬಾನಾ ಮ್ವಾಬಾಳ ಮಂಡಿ ನೋಯಲು ಶುರುವಾಗುವುದಕ್ಕೂ ಏನೋ ಒಳಒಪ್ಪಂದ ಇದ್ದಿರಬೇಕು. ಸಂಜೆ ದೀಪ ಆರಿತೆಂದರೆ ಮಂಡಿಯೂ ಹಿಡಿದುಕೊಳ್ಳುತ್ತಿತ್ತು. ಚಿಂಗೋಲಾದಲ್ಲಿ ಆ ವರ್ಷ ಕರೆಂಟು ಇದ್ದರೆ ಅದು ಸುದ್ದಿ, ಇಲ್ಲದಿದ್ದರೆ ಮಾಮೂಲು. ಅಂಗಳದಲ್ಲಿ ಇದ್ದಿಲ ಒಲೆ ಹೊತ್ತಿಸಿ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ನ್ಶಿಮಾ ತೊಳಸಿ, ಕಡಲೆಕಾಯಿ ಪುಡಿ ಹಾಕಿದ ಸೊಪ್ಪಿನ ಜೊತೆ ಒಬ್ಬಳೇ ಉಂಡು, ಪಾತ್ರೆ ನಾಳೆ ತೊಳೆದರಾಯಿತೆಂದು ಅಲ್ಲೇ ಬಿಟ್ಟು, ಅವಳು ಒಳಗೆ ಬಂದು ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟಳು. ಅಯ್ಯೋ ದೇವರೇ ಎಂದು ಒಮ್ಮೆ ಹೇಳಿಕೊಂಡಳು. ಹಾಗೆ ಹೇಳಿಕೊಂಡರೆ ಮಂಡಿಗೆ ಏನೂ ಆಗುವುದಿಲ್ಲ, ಮನಸ್ಸಿಗೆ ಸ್ವಲ್ಪ ಹಗುರ.

ಮ್ವಾಬಾ ಅವಳ ಮಗಳು. ಬಾನಾ ಮ್ವಾಬಾ, ಅಂದರೆ ಮ್ವಾಬಾಳ ತಾಯಿ ಎಂದೇ ಊರೆಲ್ಲ ಅವಳನ್ನು ಕರೆಯುವುದು; ಅವಳ ಸ್ವಂತ ಹೆಸರು ಪಿಂಚಣಿ ಕೊಡುವವರಿಗೆ ಮಾತ್ರ ನೆನಪಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದ್ದಳು, ಲೆಕ್ಕ ಮುಗಿದ ಮೇಲೆ ಚದುರಂಗ ಕಲಿಸಿದ್ದಳು. ಲೆಕ್ಕ ಕಲಿತವರು ಮರೆತರು, ಚದುರಂಗ ಕಲಿತವರು ಮರೆಯಲಿಲ್ಲ. ತಾಮ್ರದ ಗಣಿಗಳಿರುವ ಆ ಸೀಮೆಯ ಯಾವ ಕ್ಲಬ್ಬಿಗೆ ಹೋದರೂ ಟೀಚರ್ ಚೆನ್ನಾಗಿದ್ದಾರಾ ಎಂದು ಕೇಳುವವನೊಬ್ಬ ಇದ್ದೇ ಇರುತ್ತಿದ್ದ. ಅದಕ್ಕೇ ಊರಿನ ಕ್ಲಬ್ಬಿನ ಕಾರ್ಯದರ್ಶಿ ಜೆರೆ ಈ ತಲೆನೋವನ್ನು ಅವಳಿಗೆ ಹಚ್ಚಿದ್ದ. ಲೀಗ್ ಪಂದ್ಯಗಳಿಗೆ ತಂಡ ಕಟ್ಟಬೇಕು. ತಂಡದ ಅತ್ಯುತ್ತಮ ಆಟಗಾರ ಕೂರುವ ಮೊದಲ ಬೋರ್ಡಿಗೆ ನಾಲ್ವರು ಲಾಯಕ್ಕಿದ್ದಾರೆ. ನಾಲ್ವರೂ ಫೋನಿನಲ್ಲಿ ಆಡಿದ ಆಟಗಳನ್ನು ನೋಡಿ, ಯಾರ ಆಟದ ರೀತಿ ಎಂಥದು, ಬಲ ಯಾವುದು, ತಿದ್ದಿಕೊಳ್ಳಬೇಕಾದ್ದು ಯಾವುದು ಎಂದು ಬರೆದುಕೊಡಬೇಕು. ಮೊದಲ ಬೋರ್ಡಿನಲ್ಲಿ ಕೂತವನನ್ನೇ ರಾಜಧಾನಿ ಲುಸಾಕಾಗೆ ರಾಷ್ಟ್ರತಂಡದ ಆಯ್ಕೆಗೆ ಕರೆಯುತ್ತಾರೆ. ಹಾಗಾಗಿ ನಾಲ್ವರಿಗೂ ಅದರ ಮೇಲೆ ಕಣ್ಣು.

"ಹೆಸರು ಹೇಳಲ್ಲ ಟೀಚರೇ," ಎಂದಿದ್ದ ಜೆರೆ. "ಫೋನಲ್ಲಿ ಅವರು ಇಟ್ಕೊಂಡಿರೋ ಹೆಸರು ಮಾತ್ರ ಕೊಡ್ತೀನಿ. ನಿಮ್ಮ ಅಳಿಯನೂ ಇದಾನೆ ಅದರಲ್ಲಿ. ಕೋತಿ ತಿನ್ನೋ ಬೆಂಬಾ ಜನ ನೀವು, ಒಬ್ಬರಿಗೊಬ್ಬರು ಬಾಲ ಹಿಡ್ಕೊಂಡು ಮೇಲೆ ಹತ್ತಿಸ್ತೀರಿ."

"ಇಲಿ ಸುಟ್ಟು ತಿನ್ನೋ ನ್ಗೋನಿಯವನು ನನಗೆ ನ್ಯಾಯ ಹೇಳ್ಕೊಡೋಕೆ ಬಂದ," ಎಂದಿದ್ದಳು ಅವಳು. ಬೆಂಬಾದವರೂ ನ್ಗೋನಿಯವರೂ ಹಿಂದೆ ಈಟಿ ಹಿಡಿದು ಹೊಡೆದಾಡಿದವರು. ಈಗ ಬೈದಾಡುವುದೇ ಅವರ ನಂಟು. ಯಾರೂ ಸಿಟ್ಟಾಗುವಂತಿಲ್ಲ.

ಮೂವರದು ಬರೆದಾಗಿತ್ತು. ಅದರಲ್ಲಿ ತನ್ನ ಅಳಿಯ ಲೆಂಗ್ವೆ ಯಾರು ಎಂದು ಊಹಿಸುವ ಗೋಜಿಗೆ ಅವಳು ಹೋಗಿರಲಿಲ್ಲ. ಊಹಿಸಿದರೂ ಸಿಗುತ್ತಿರಲಿಲ್ಲ, ಏಕೆಂದರೆ ಅವನು ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ನೋಡುವುದು ಹೇಗೆ? ಅಳಿಯನಾದವನು ಅತ್ತೆಯ ಎದುರು ಕೂರುವಂತಿಲ್ಲ, ಅವಳ ಕಣ್ಣೆದುರು ಉಣ್ಣುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಹಿರಿಯರು ಸೇರಿ ಅವನನ್ನು ಮನೆಯೊಳಗೆ ಕರೆದುಕೊಳ್ಳುವ ಶಾಸ್ತ್ರ ಮಾಡುವ ತನಕ ಹೀಗೆಯೇ. ಈಗಿನವರು ಎಷ್ಟೋ ಜನ ಇದನ್ನೆಲ್ಲ ಗಾಳಿಗೆ ತೂರಿದ್ದಾರೆ, ಲೆಂಗ್ವೆ ತೂರಿರಲಿಲ್ಲ. ಮದುವೆಯಾದ ವರ್ಷವೇ ಶಾಸ್ತ್ರ ಆಗಬೇಕಿತ್ತು. ಆ ವರ್ಷ ಅವಳ ಗಂಡ ತೀರಿಕೊಂಡ. ಮರುವರ್ಷ ಕಸಾಮಾದಲ್ಲಿರುವ ಅಣ್ಣನಿಗೆ ಬಿಡುವಾಗಲಿಲ್ಲ. ಆಮೇಲೆ ಯಾರಿಗೂ ಅದು ತುರ್ತು ಅನ್ನಿಸಲಿಲ್ಲ. ಎರಡು ಮಕ್ಕಳಾದರೂ ಲೆಂಗ್ವೆ ಈಗಲೂ ಅಂಗಳದ ಮಾವಿನ ಮರದ ಕೆಳಗೆ ಕೂತು ಉಂಡು, ಬಂದ ದಾರಿಯಲ್ಲೇ ಹೋಗುತ್ತಿದ್ದ. ಬೀದಿಯಲ್ಲಿ ಎದುರಾದರೆ ಪಕ್ಕದ ಹುಲ್ಲಿಗಿಳಿದು ತಲೆ ತಗ್ಗಿಸಿ ನಿಲ್ಲುತ್ತಿದ್ದ. ಅವನ ಮುಖಕ್ಕಿಂತ ಅವನ ನೆತ್ತಿಯೇ ಅವಳಿಗೆ ಹೆಚ್ಚು ಪರಿಚಯ.

ನಾಲ್ಕನೆಯವನ ಹೆಸರು ನೋಡಿ ಅವಳಿಗೆ ನಗು ಬಂದಿತ್ತು. ಕಪೆಂಟಾ. ಒಣಮೀನಿನ ಹೆಸರಿಟ್ಟುಕೊಂಡ ಈ ಮನುಷ್ಯ ತನ್ನ ಊರಿನವನೇ, ತನ್ನ ಕ್ಲಬ್ಬಿನವನೇ! ಎರಡು ವರ್ಷದಿಂದ ದಿನಾ ಸಂಜೆ, ದೀಪ ಆರಿದ ಮೇಲೆ, ಅವಳು ಆಡುತ್ತಿದ್ದದ್ದು ಇವನ ಜೊತೆಗೇ. ಒಂದು ಮಾತಿಲ್ಲ, ಕತೆಯಿಲ್ಲ. ಆಟ ಮುಗಿದಾಗ 'ಒಳ್ಳೆಯ ಆಟ' ಎಂದು ಅವನು ಬರೆಯುತ್ತಿದ್ದ, 'ಒಳ್ಳೆಯ ಆಟ' ಎಂದು ಅವಳೂ ಬರೆಯುತ್ತಿದ್ದಳು. ಅಷ್ಟಕ್ಕಾಗಿ ಅವಳು ಇಡೀ ದಿನ ಕಾಯುತ್ತಿದ್ದಳು ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಗಳು ನಕ್ಕಾಳು.

ಅವನ ಆಟ ಅವಳಿಗೆ ಪಕ್ಕದ ಮನೆಯವರ ಕೆಮ್ಮಿನಷ್ಟು ಗೊತ್ತು. ಆತುರವಿಲ್ಲ, ಬರೆದಳು. ಆರಂಭದಲ್ಲಿ ಏನೂ ಮಾಡುತ್ತಿಲ್ಲವೆಂದೇ ಅನ್ನಿಸುತ್ತದೆ. ಕಾಲಾಳುಗಳನ್ನು ಒಂದೊಂದೇ ಹೆಜ್ಜೆ ಮುಂದಿಟ್ಟು, ಎದುರಿಗಿರುವವರು ತಾಳ್ಮೆಗೆಟ್ಟು ಮೇಲೆ ಬೀಳುವವರೆಗೆ ಕಾಯುತ್ತಾನೆ. ಮಧ್ಯದಾಟಕ್ಕೆ ಬರುವಷ್ಟರಲ್ಲಿ ಅವನ ಬಳಿ ಒಂದು ಕಾಲಾಳು ಹೆಚ್ಚಾಗಿರುತ್ತದೆ, ನಮ್ಮದು ಎಲ್ಲಿ ಹೋಯಿತೆಂದು ನಮಗೇ ತಿಳಿದಿರುವುದಿಲ್ಲ. ಕುದುರೆಗಳನ್ನು ಇಂಥ ಜಾಗದಲ್ಲಿ ಕೂರಿಸುವವನನ್ನು ನಾನು ಈ ಊರಿನಲ್ಲಿ ನೋಡಿಲ್ಲ.

ಬರೆಯುತ್ತಾ ಬರೆಯುತ್ತಾ ಹೊಗಳಿಕೆ ಜಾಸ್ತಿಯಾಯಿತೇನೋ ಅನ್ನಿಸಿತು. ತಿದ್ದಿಕೊಳ್ಳಬೇಕಾದ್ದಕ್ಕೆ ಬಂದಳು. ಅದಕ್ಕೇನು ಬರ? ಕೊನೆಯಾಟದಲ್ಲಿ ಅವನು ಬೇರೆಯೇ ಮನುಷ್ಯ. ಗೆದ್ದೇ ಬಿಟ್ಟ ಎನ್ನುವಂಥ ಆಟಗಳನ್ನು ಕೈಯಾರೆ ಕೆಡಿಸಿಕೊಳ್ಳುತ್ತಿದ್ದ. ಅವಳ ರಾಜ ಮೂಲೆಯಲ್ಲಿ ಅಲುಗಾಡಲಾರದೆ ನಿಂತಿರುವಾಗ, ಅವಳು ತನ್ನ ಕೊನೆಯ ಆನೆಯನ್ನು ತಂದು ಅವನ ರಾಜನ ಬಾಯಿಗೇ ಒಡ್ಡುತ್ತಿದ್ದಳು. ಅದನ್ನು ಹೊಡೆದರೆ ಅವಳಿಗೆ ನಡೆಸಲು ಏನೂ ಉಳಿಯದು. ರಾಜನಿಗೆ ಚೆಕ್ಕೂ ಇಲ್ಲ, ನಡೆಯೂ ಇಲ್ಲ ಎಂದಾದರೆ ಆಟ ಸಮ. ಐದನೇ ಕ್ಲಾಸಿನ ಮಕ್ಕಳಿಗೆ ಅವಳು ಕಲಿಸುತ್ತಿದ್ದ ಕುತಂತ್ರ ಅದು. ಕಪೆಂಟಾ ಪ್ರತಿ ಸಲವೂ ಆ ಆನೆಯನ್ನು ಹೊಡೆಯುತ್ತಿದ್ದ. ಎಷ್ಟೋ ಆಟ ಸಮ, ಕೆಲವು ಅವಳ ಗೆಲುವು. ಅವನು ಗೆದ್ದದ್ದು ಅವಳಿಗೆ ನೆನಪೇ ಇರಲಿಲ್ಲ.

ಗೆಲ್ಲುವ ಹೊತ್ತಿಗೆ ಕೈ ನಡುಗುತ್ತದೆ, ಎಂದು ಬರೆದಳು. ಬಿಟ್ಟಿ ಕಾಯಿ ಕಂಡರೆ ತಡೆದುಕೊಳ್ಳಲಾರ. ಕೊನೆಯಾಟದಲ್ಲಿ ದುರಾಸೆ. ಮೊದಲ ಬೋರ್ಡಿಗೆ ಬೇಡ.

ಅವನು ಬೇರೆಯವರ ಜೊತೆ ಆಡಿದ್ದನ್ನೂ ನೋಡಬೇಕಿತ್ತು. ಉಳಿದ ಮೂವರದು ಹಾಗೆಯೇ ನೋಡಿದ್ದಳು. ಆದರೆ ಫೋನಿನಲ್ಲಿ ಚಾರ್ಜು ಇಳಿದಿತ್ತು, ಕಣ್ಣು ಎಳೆಯುತ್ತಿತ್ತು. ಎರಡು ವರ್ಷ ದಿನಾ ಅವನ ಜೊತೆ ಆಡಿದವಳಿಗೆ ಇನ್ನೇನು ನೋಡುವುದಿದೆ ಎಂದುಕೊಂಡು ಹಾಗೇ ಜೆರೆಗೆ ಕಳಿಸಿಬಿಟ್ಟಳು. ಆಮೇಲೆ ಉಳಿದಿದ್ದ ಚಾರ್ಜಿನಲ್ಲಿ ಕಪೆಂಟಾನ ಜೊತೆ ಒಂದು ಆಟ ಆಡಿದಳು. ಆನೆ ಒಡ್ಡಿದಳು, ಅವನು ಹೊಡೆದ, ಆಟ ಸಮವಾಯಿತು. ನೋಡು, ನಾನು ಬರೆದದ್ದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮಲಗಿದಳು.

ಭಾನುವಾರ ಚರ್ಚು ಮುಗಿಸಿ ಜೆರೆ ಮನೆಗೇ ಬಂದ. ಕಮಿಟಿಯವರು ಅವಳ ಮಾತನ್ನು ಒಂದಕ್ಷರ ಬಿಡದೆ ಒಪ್ಪಿದ್ದರು. ಮೊದಲ ಬೋರ್ಡು ಫ್ರೈಡೆ ಎನ್ನುವ ಹುಡುಗನಿಗೆ, ಗಣಿಯ ಲೆಕ್ಕದ ಆಫೀಸಿನವನು. ನಿಮ್ಮ ಅಳಿಯನಿಗೆ ನಾಲ್ಕನೆಯದು ಎಂದ. ಅಳಿಯನಾದವನು ತನ್ನ ಜೊತೆ ಆಡುವುದುಂಟೇ, ಉಳಿದ ಮೂವರಲ್ಲಿ ಯಾರೋ ಒಬ್ಬ ಇರಬೇಕು ಎಂದುಕೊಂಡ ಅವಳು, ಪಾಪ, ಮುಂದಿನ ವರ್ಷ ನೋಡೋಣ ಎಂದಳು. ಜೆರೆ ಅವಳ ಮುಖ ನೋಡಿದ. ಅವಳು ಕೊಟ್ಟ ಮುಂಕೋಯೊ ಅಂಬಲಿ ಕುಡಿದು ಲೋಟ ಕೆಳಗಿಟ್ಟು ಹೋದ.

ಆ ಸಂಜೆ ಕಪೆಂಟಾ ಆಟಕ್ಕೆ ಬರಲಿಲ್ಲ. ಮರುದಿನವೂ ಇಲ್ಲ. ಇಂಟರ್ನೆಟ್ ಬಂಡಲ್ ಮುಗಿದಿರಬೇಕು, ಫೋನು ಕೆಟ್ಟಿರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡಳು. ಯಾರೋ ರಷ್ಯಾದವನೊಬ್ಬ ಸಿಕ್ಕ. ಹದಿನೈದು ನಡೆಗಳಲ್ಲಿ ಅವಳನ್ನು ಒಗೆದು ಒಣಹಾಕಿ ಹೋದ. ಇನ್ನೊಬ್ಬನೂ ಹಾಗೇ ಮಾಡಿದ. ಅವಳಿಗೆ ಅಚ್ಚರಿಯಾಯಿತು. ಇಷ್ಟು ಸುಲಭಕ್ಕೆ ಸೋಲುವವಳಲ್ಲವಲ್ಲ ನಾನು? ಫೋನು ಪಕ್ಕಕ್ಕಿಟ್ಟು ಕತ್ತಲಲ್ಲಿ ಸುಮ್ಮನೆ ಕೂತಳು. ಸಂಜೆ ಇಷ್ಟು ಉದ್ದ ಇರುತ್ತದೆಂದು ಮರೆತೇ ಹೋಗಿತ್ತು.

ಮಗಳು ಬಂದದ್ದು ಬುಧವಾರ, ಮಾರ್ಕೆಟ್ಟಿನಲ್ಲಿ ಹಳೇ ಬಟ್ಟೆ ವ್ಯಾಪಾರ ಮುಗಿಸಿ ನೇರ ಅಲ್ಲಿಂದ. ಸೊಂಟಕ್ಕೆ ಸುತ್ತಿದ ಚಿಟೆಂಗೆ ಬಟ್ಟೆಯ ಗಂಟು ಬಿಗಿ ಮಾಡಿಕೊಳ್ಳುತ್ತಾ ಹೊಸ್ತಿಲ ಮೇಲೆ ಕೂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಅವರು ಸರಿಯಾಗಿ ಊಟ ಮಾಡ್ತಿಲ್ಲಮ್ಮ," ಎಂದಳು.

"ಯಾಕೆ? ಹುಷಾರಿಲ್ವಾ?"

"ಹುಷಾರಾಗೇ ಇದಾರೆ. ಕೆಲಸದಿಂದ ಬರ್ತಾರೆ, ಗೋಡೆ ಕಡೆ ಮುಖ ಮಾಡ್ಕೊಂಡು ಮಲಗ್ತಾರೆ. ಫೋನ್ನ ಮಕ್ಕಳ ಕೈಗೆ ಕೊಟ್ಬಿಟ್ಟಿದಾರೆ, ಹಾಡು ಕೇಳ್ಕೊಳಿ ಅಂತ."

"ಬೋರ್ಡು ಸಿಗಲಿಲ್ಲ ಅಂತ ಇಷ್ಟು ದುಃಖಾನಾ? ಮುಂದಿನ ವರ್ಷ ಇದೆ ಬಿಡು."

"ಮುಂದಿನ ವರ್ಷ ಎಲ್ಲಿ ಬಂತು? ಲಾರಿ ತೂಗೋ ಕಟ್ಟೆಯವರು ಅವರನ್ನ ಗಡಿಗೆ ವರ್ಗ ಮಾಡ್ತಿದಾರೆ. ಅಲ್ಲಿ ಶನಿವಾರ, ಭಾನುವಾರ ಎಲ್ಲ ಲಾರಿ ತೂಗ್ತಾ ಕೂರ್ಬೇಕು. ಮೂವತ್ತಾರಾಯ್ತು ಅವರಿಗೆ. ಇದೊಂದೇ ವರ್ಷ ಇತ್ತು." ಮ್ವಾಬಾ ತಾಯಿಯ ಕಡೆ ತಿರುಗಿದಳು. "ಅಮ್ಮ, ನಿಜ ಹೇಳು. ಕಪೆಂಟಾ ಯಾರು ಅಂತ ನಿನಗೆ ಗೊತ್ತಿರಲಿಲ್ವಾ?"

ಬಾನಾ ಮ್ವಾಬಾಳಿಗೆ ಗೊತ್ತಿರಲಿಲ್ಲ. ಈಗ ಮಗಳು ಹೇಳುವ ಮೊದಲೇ ಗೊತ್ತಾಯಿತು.

"ನಿನಗೆ ಆ ಫೋನ್ ತಂದಾಗ ಆಟಕ್ಕೆ ಸೇರಿಸಿ, ಹೆಸರು ಹಾಕ್ಕೊಟ್ಟಿದ್ದು ನಾನೇ ತಾನೆ? ಅವತ್ತೇ ಕೇಳಿದ್ರು, ನಿಮ್ಮಮ್ಮ ಯಾವ ಹೆಸರಲ್ಲಿ ಆಡ್ತಾರೆ ಅಂತ. ನಾನು ಹೇಳ್ದೆ. ನಿನಗೆ ಹೇಳ್ಬೇಡ ಅಂತ ಭಾಷೆ ತಗೊಂಡ್ರು."

"ಮತ್ತೆ... ಆ ಆನೆ?"

"ನಿನ್ನ ಎದುರು ರಸ್ತೇಲೂ ನಡೆಯದ ಮನುಷ್ಯ ಅಮ್ಮ ಅವರು. ನಿನ್ನ ರಾಜನ್ನ ಮೂಲೆಗೆ ತಳ್ಳಿ ಸಾಯಿಸ್ತಾರಾ? ಕೈ ಬರಲ್ಲ ಅಂತಾರೆ." ಮಗಳ ದನಿ ಒಡೆಯಿತು. "ಗೆದ್ದಿದ್ದನ್ನ ಬಿಟ್ಟುಕೊಟ್ಟೋರನ್ನ ದುರಾಸೆಯವನು ಅಂತ ಬರೆದಿದ್ದೀಯಲ್ಲಮ್ಮ. ಕಮಿಟಿ ಎದುರು ಗಟ್ಟಿಯಾಗಿ ಓದಿದ್ರಂತೆ. ಎಲ್ಲರೂ ನಕ್ಕರಂತೆ. ಬಿಟ್ಟಿ ಕಪೆಂಟಾ ಅಂತ ಹೆಸರಿಟ್ಟಿದಾರೆ ಈಗ."

ಮಗಳು ಹೋದ ಮೇಲೆ ಅವಳಿಗೆ ಮೊದಲು ಬಂದದ್ದು ಸಿಟ್ಟು. ತನ್ನ ಮೇಲಲ್ಲ, ಅವನ ಮೇಲೆ. ಎರಡು ವರ್ಷ! ನಾನೇನು ಭಿಕ್ಷೆ ಕೇಳಿದ್ದೆನೇ? ಆನೆ ಒಡ್ಡಿ ಬಚಾವಾದಾಗಲೆಲ್ಲ ಕುರ್ಚಿಯಲ್ಲೇ ಕುಣಿದಿದ್ದಳು, ಇನ್ನೂ ತಲೆ ಮಂಕಾಗಿಲ್ಲ ಎಂದು ಬೀಗಿದ್ದಳು. ಗಂಡನಿಲ್ಲದ ಮನೆ, ಕೆಲಸವಿಲ್ಲದ ದಿನ, ನಡೆಯಲಾರದ ಕಾಲು, ಇಷ್ಟರ ನಡುವೆ ತನ್ನದು ಎಂದು ಉಳಿದಿದ್ದು ಆ ಗೆಲುವುಗಳು. ಅವೂ ಕೊಟ್ಟದ್ದು, ಗಳಿಸಿದ್ದಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಮರುದಿನ ಬೆಳಿಗ್ಗೆ ಕರೆಂಟು ಇದ್ದಾಗ, ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದಳು. ಕಪೆಂಟಾ ಉಳಿದವರ ಜೊತೆ ಆಡಿದ ಆಟಗಳನ್ನು ತೆರೆದಳು. ಒಂದು ನೋಡಿದಳು, ಇನ್ನೊಂದು ನೋಡಿದಳು. ಮಧ್ಯಾಹ್ನದ ಅಡಿಗೆ ಮರೆತಳು. ಕೊನೆಯಾಟದಲ್ಲಿ ಈ ಮನುಷ್ಯನ ಕೈ ನಡುಗುವುದಿರಲಿ, ಕರುಣೆಯೇ ಇರಲಿಲ್ಲ. ಫ್ರೈಡೆಯನ್ನು ಒಂದೇ ಒಂದು ಹೆಚ್ಚಿನ ಕಾಲಾಳಿನಿಂದ ಉಸಿರುಗಟ್ಟಿಸಿ ಮುಗಿಸಿದ್ದ. ಯಾರೋ ಅವನಿಗೂ ಬಿಟ್ಟಿ ಆನೆ ಒಡ್ಡಿದ್ದರು. ಅದರ ಕಡೆ ತಿರುಗಿಯೂ ನೋಡದೆ ರಾಜನನ್ನು ಪಕ್ಕಕ್ಕೆ ಸರಿಸಿಕೊಂಡು ಹೋಗಿದ್ದ. ಮೂವತ್ತು ವರ್ಷದಲ್ಲಿ ಅವಳ ಕೈಯಡಿ ಬೆಳೆದ ಒಬ್ಬನೂ ಹೀಗೆ ಕೊನೆಯಾಟ ಆಡಿರಲಿಲ್ಲ. ಇಂಥವನ ಬಗ್ಗೆ, ಸುಸ್ತಾಗಿದೆ ಎಂಬ ಒಂದೇ ಕಾರಣಕ್ಕೆ, ನೋಡದೆ ಬರೆದು ಕೈ ತೊಳೆದುಕೊಂಡಿದ್ದಳು. ಸಿಟ್ಟು ಇಳಿದ ಜಾಗದಲ್ಲಿ ಸಂಕಟ ಬಂದು ಕೂತಿತು, ಅದು ಸಿಟ್ಟಿನ ಹಾಗೆ ಬೇಗ ಎದ್ದು ಹೋಗುವಂಥದಲ್ಲ.

ಜೆರೆಯ ಕ್ಷೌರದ ಅಂಗಡಿಯವರೆಗೆ ನಡೆಯುವಷ್ಟರಲ್ಲಿ ಅವಳ ಜೀವ ಹಣ್ಣಾಯಿತು. ಅವನು ಗಿರಾಕಿಯನ್ನು ಅರ್ಧ ತಲೆಯಲ್ಲೇ ಬಿಟ್ಟು ಹೊರಗೆ ಬಂದ.

"ನಿನಗೆ ಗೊತ್ತಿತ್ತು," ಎಂದಳು.

"ಅವನೇ ಕಪೆಂಟಾ ಅಂತ ಗೊತ್ತಿತ್ತು. ದಿನಾ ನಿಮ್ಮ ಜೊತೆ ಆಡ್ತಾನೆ ಅಂತ ನನಗೇನು ಕನಸು ಬಿದ್ದಿತ್ತಾ? ನಿಮ್ಮ ಬರಹ ಓದಿದಾಗ ನನಗೂ ವಿಚಿತ್ರ ಅನ್ನಿಸ್ತು ಟೀಚರೇ. ಆದರೆ ನೀವು ಬರೆದ ಮೇಲೆ ನಾನ್ಯಾರು?"

"ಹೆಸರು ಬದಲಿಸು. ನಾನು ತಪ್ಪು ಬರೆದೆ."

ಜೆರೆ ಕೈಯಲ್ಲಿದ್ದ ಬಾಚಣಿಗೆಯನ್ನು ಜೇಬಿಗಿಟ್ಟ. "ಪಟ್ಟಿ ಲೀಗಿನವರಿಗೆ ಹೋಗೋದು ಶನಿವಾರ. ಬದಲಿಸಬಹುದು. ಆದರೆ ಯಾಕೆ ಅಂತ ನೀವೇ ಬಂದು ಕಮಿಟಿಗೆ ಹೇಳ್ಬೇಕು. ಶಾಸ್ತ್ರ ಆಗದ ಅಳಿಯ ಎರಡು ವರ್ಷದಿಂದ ಅತ್ತೆ ಜೊತೆ ದಿನಾ ಆಡ್ತಿದ್ದ, ಆಟ ಬಿಟ್ಟುಕೊಡ್ತಿದ್ದ ಅಂತ ಹೇಳ್ಬೇಕಾಗುತ್ತೆ. ಜನ ಏನಂತಾರೆ ಅಂತ ಯೋಚನೆ ಮಾಡಿ." ಕೋತಿಯ ಮಾತು ಅವನ ಬಾಯಿಗೆ ಬರಲೇ ಇಲ್ಲ. ಅವನು ತಮಾಷೆ ಮಾಡದಿದ್ದುದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಹೇಳಿದಳು. ಅದೇ ಸಂಜೆ, ಗಣಿಯವರ ಹಳೇ ಕ್ಲಬ್ಬಿನ ಸಭಾಂಗಣದಲ್ಲಿ, ಮೂವರು ಗಂಡಸರ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದಳು. ನೋಡದೆ ಬರೆದೆ ಎಂದಳು. ನಾನು ಗೆದ್ದ ಆಟಗಳು ನಾನು ಗೆದ್ದವಲ್ಲ ಎಂದಳು. ಅಧ್ಯಕ್ಷ ಕಪೋಟ್ವೆ ತಾಳ್ಮೆಯ ಮನುಷ್ಯ, ಅವಳು ನಿಲ್ಲಿಸುವವರೆಗೂ ಕೇಳಿಸಿಕೊಂಡ.

"ಟೀಚರ್, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಕೇಳ್ತೀನಿ," ಎಂದ. "ಯಾರು ಅಂತ ಗೊತ್ತಿಲ್ಲದಿದ್ದಾಗ ಬೇಡ ಅಂದ್ರಿ. ಅಳಿಯ ಅಂತ ಗೊತ್ತಾದ ಮೇಲೆ ಬೇಕು ಅಂತಿದ್ದೀರಿ. ಇದರಲ್ಲಿ ಯಾವುದನ್ನ ನಂಬಲಿ?"

ಆ ಪ್ರಶ್ನೆಯನ್ನು ಅವಳೇ ಅವನ ಜಾಗದಲ್ಲಿದ್ದಿದ್ದರೆ ಕೇಳುತ್ತಿದ್ದಳು.

"ಇನ್ನೊಂದು ಮಾತು," ಎಂದ ಕಪೋಟ್ವೆ. "ಎದುರಿಗಿರೋರು ಯಾರು ಅಂತ ನೋಡಿ ಆಟ ಬಿಡೋನು ಮೊದಲ ಬೋರ್ಡಲ್ಲಿ ಕೂತ್ಕೊಂಡು ಏನು ಮಾಡ್ತಾನೆ? ಲುಸಾಕಾದಲ್ಲಿ ಅವನ ಎದುರು ಅವನ ಮೇಷ್ಟ್ರೇ ಬಂದು ಕೂತ್ರೆ? ಕಾರಣ ಬೇರೆ ಇರಬಹುದು, ನೀವು ಮೊದಲು ಬರೆದಿದ್ದು ಸುಳ್ಳಲ್ಲ. ಗೆಲ್ಲೋ ಹೊತ್ತಿಗೆ ಅವನ ಕೈ ನ‌ಡುಗುತ್ತೆ. ಶನಿವಾರ ಬೆಳಿಗ್ಗೆ ಇಲ್ಲಿ ಬಂದು ನಮ್ಮೆದುರು ನಿಮ್ಮ ಜೊತೆ ಆಡ್ಲಿ. ಮುಗಿಸಿದ್ರೆ ಮೊದಲ ಬೋರ್ಡು ಅವನದು. ನೀವು ಬೇಕಂತ ಸೋತ್ರೆ ನನಗೆ ಗೊತ್ತಾಗುತ್ತೆ ಟೀಚರ್, ನಾನೂ ನಿಮ್ಮ ಹತ್ರಾನೇ ಕಲ್ತೋನು."

ಲೆಂಗ್ವೆ ಒಪ್ಪಲಿಲ್ಲ. ಅತ್ತೆಯ ಎದುರು ಮೇಜು ಹಾಕಿಕೊಂಡು ಕೂರುವುದೇ, ಬೋರ್ಡು ಬೆಂಕಿಗೆ ಬೀಳಲಿ ಎಂದು ಮ್ವಾಬಾಳ ಕೈಯಲ್ಲಿ ಹೇಳಿಕಳಿಸಿದ. ಉಳಿದಿದ್ದು ಒಂದೇ ದಾರಿ, ಬಾಕಿಯಿದ್ದ ಶಾಸ್ತ್ರ ಮುಗಿಸಿಬಿಡುವುದು. ಬಾನಾ ಮ್ವಾಬಾ ಕಸಾಮಾಗೆ ಫೋನ್ ಮಾಡಿದಳು.

"ನಾಳೆಯೇ?" ಎಂದ ಅಣ್ಣ. "ಹುಚ್ಚು ಹಿಡಿದಿದೆಯಾ ನಿನಗೆ? ಮೆಕ್ಕೆಜೋಳದ ಕೊಯ್ಲು ಮುಗೀಲಿ, ನಾನೇ ಬಂದು ಅದ್ದೂರಿಯಾಗಿ ಮಾಡಿಸ್ತೀನಿ."

"ನೀನು ಇದನ್ನೇ ಹೇಳ್ತಾ ಹೇಳ್ತಾ ನಾನು ಮುದುಕಿಯಾದೆ, ಅಣ್ಣ. ಅದ್ದೂರಿ ಬೇಡ. ಸರಿ ಅಂತ ಒಂದು ಮಾತು ಹೇಳು ಸಾಕು."

ಅಣ್ಣ ಗೊಣಗಿದ, ಬೈದ, ಕೊನೆಗೆ ಸರಿ ಎಂದ.

ಶುಕ್ರವಾರ ಬೆಳಗಾಗೆದ್ದು ಎರಡು ಕೋಳಿ ಬೇಯಿಸಿದಳು. ಬೆನ್ನು ಹಿಡಿದುಕೊಂಡರೂ ನ್ಶಿಮಾವನ್ನು ತಾನೇ ತೊಳಸಿದಳು, ಅದನ್ನು ಇನ್ನೊಬ್ಬರ ಕೈಗೆ ಬಿಡುವಂತಿರಲಿಲ್ಲ. ಶಾಸ್ತ್ರ ಬಲ್ಲ ಹಿರಿಯ ಹೆಂಗಸರು ಇಬ್ಬರು ಡೋಲು ತಂದರು, ಇಷ್ಟು ಅವಸರದ ಶಾಸ್ತ್ರ ನಾವು ಕಂಡಿಲ್ಲ ಎಂದು ಮೂಗು ಮುರಿದರು, ಆಮೇಲೆ ಚೆನ್ನಾಗಿಯೇ ಹಾಡಿದರು. ಲೆಂಗ್ವೆಯನ್ನು ಅವನ ಚಿಕ್ಕಪ್ಪ ಕೈಹಿಡಿದು ಹೊಸ್ತಿಲು ದಾಟಿಸಿದ. ಒಲೆ ತೋರಿಸಿದರು, ನೀರಿನ ಮಡಕೆ ತೋರಿಸಿದರು, ಇನ್ನು ಮೇಲೆ ಇಲ್ಲಿ ನಿನಗೆ ಹಸಿವಾದರೆ ನೀನೇ ಮುಚ್ಚಳ ತೆಗೆದು ನೋಡಬಹುದು ಎಂದರು. ಅವನು ಅವಳೆದುರು ಕೂತು ಒಂದು ತುತ್ತು ಉಂಡ. ನುಂಗಲು ಬಹಳ ಹೊತ್ತು ಹಿಡಿಯಿತು. ಅಷ್ಟು ದೊಡ್ಡ ಆಳಿನ ಕತ್ತಿನ ನರ ಉಬ್ಬಿದ್ದು ನೋಡಿ ಅವಳಿಗೆ ಅಳು ಬಂತು, ಅತ್ತಳು ಕೂಡ. ಮನೆಯೊಳಗಿನ ಬೆಳಕಿನಲ್ಲಿ ಅವನ ಮುಖವನ್ನು ಮೊದಲ ಸಲ ಪೂರ್ತಿ ನೋಡಿದಳು. ದಣಿದ ಮುಖ. ಲಾರಿಗಳ ಕೆಂಪು ಧೂಳು ಹುಬ್ಬಿನಲ್ಲಿ ಕೂತುಬಿಟ್ಟಿತ್ತು, ತೊಳೆದರೂ ಹೋಗದ ಹಾಗೆ.

"ನಾಳೆ ಆಟ ಬಿಟ್ಟುಕೊಟ್ರೆ," ಎಂದಳು ಮೂಗೊರೆಸಿಕೊಳ್ಳುತ್ತಾ, "ನಿನ್ನನ್ನ ವಾಪಸ್ ಮಾವಿನ ಮರದ ಕೆಳಗೆ ಕಳಿಸ್ತೀನಿ."

ಹೆಂಗಸರು ಹೋ ಎಂದು ನಕ್ಕರು. "ಆಗಲಿ ಅಮ್ಮ," ಎಂದ ಲೆಂಗ್ವೆ ನೆಲಕ್ಕೆ. ಅವಳ ಜೊತೆ ಅವನ ಮೊದಲ ಮಾತು ಅದು.

ಶನಿವಾರ ಸಭಾಂಗಣದಲ್ಲಿ ಕ್ಲಬ್ಬಿನವರೆಲ್ಲ ಸೇರಿದ್ದರು. ಅತ್ತೆ ಅಳಿಯನ ಆಟವೆಂದರೆ ಯಾರು ತಪ್ಪಿಸಿಕೊಳ್ಳುತ್ತಾರೆ? ಫ್ರೈಡೆಯೂ ಬಂದು ಗೋಡೆಗೊರಗಿ ನಿಂತಿದ್ದ. ಅವಳಿಗೆ ಬಿಳಿಯ ಕಾಯಿ ಬಂತು. ಬೇಕೆಂದು ಸೋಲುವ ಯೋಚನೆಯನ್ನು ಅವಳು ಮನೆಯಲ್ಲೇ ಬಿಟ್ಟು ಬಂದಿದ್ದಳು. ನೆನಪಿದ್ದ ವಿದ್ಯೆಯನ್ನೆಲ್ಲ ಕೆದಕಿ ತೆಗೆದು ಆಡಿದಳು. ಎದುರಿನ ಕೈ ಯಾವಾಗಲೂ ಆಡುವ ಹಾಗೆಯೇ ಆಡಿತು, ಆತುರವಿಲ್ಲದೆ, ಒಂದೊಂದೇ ಹೆಜ್ಜೆ. ನೋಡನೋಡುತ್ತ ಅವಳ ಒಂದು ಕಾಲಾಳು ಹೋಗಿತ್ತು. ಆಮೇಲೆ ರಾಣಿಗಳು ಹೋದವು, ಕುದುರೆಗಳು ಹೋದವು. ಅವಳ ರಾಜ ಮೂಲೆ ಸೇರಿದ.

ಅಲ್ಲಿಗೆ ಬಂದು ಲೆಂಗ್ವೆ ನಿಂತುಬಿಟ್ಟ. ಅವನ ಗಡಿಯಾರ ಓಡುತ್ತಿತ್ತು. ನೇರವಾಗಿ ಮುಗಿಸುವ ನಡೆ ಇತ್ತು, ಅಲ್ಲಿದ್ದ ಅರ್ಧ ಜನಕ್ಕೆ ಅದು ಕಂಡಿತ್ತು. ಅವನು ಅದನ್ನು ಆಡದೆ ಕಾಲಾಳೊಂದನ್ನು ಸುಮ್ಮನೆ ಮುಂದಿಟ್ಟ. ಹಿಂದಿನಿಂದ ಯಾರೋ ಬಿಟ್ಟಿ ಎಂದು ಪಿಸುಗುಟ್ಟಿದರು. ಕಪೋಟ್ವೆ ಕನ್ನಡಕ ತೆಗೆದು ಒರೆಸಿಕೊಂಡ.

ಅವಳಿಗೆ ಆ ಕ್ಷಣ ಎಲ್ಲವೂ ಸಾಕೆನಿಸಿತು. ಎದ್ದು ಹೋಗಿ ಕಾಲು ಚಾಚಿ ಮಲಗಬೇಕೆನಿಸಿತು. ಆಟದ ನಡುವೆ ಮಾತಾಡುವಂತಿಲ್ಲ. ಸೋತೆ ಎಂದು ಕೈ ಎತ್ತಿದರೆ ಕಪೋಟ್ವೆ ಒಪ್ಪುವುದಿಲ್ಲ. ಅವಳ ಕೈಯಲ್ಲಿದ್ದದ್ದು ತನ್ನ ಆಟ ಮಾತ್ರ. ಅವಳು ತನ್ನ ಕೊನೆಯ ಆನೆಯನ್ನು ಎತ್ತಿ ಅವನ ರಾಜನ ಪಕ್ಕದಲ್ಲಿ ಟಕ್ಕೆಂದು ಇಟ್ಟಳು. ಚೆಕ್. ಹೊಡೆದರೆ ಆಟ ಸಮ, ಬೋರ್ಡು ಫ್ರೈಡೆಗೆ. ಅವಳು ಇದನ್ನು ಕನಿಕರದಿಂದ ಇಡಲಿಲ್ಲ, ಬಚಾವಾಗಲೆಂದೇ ಇಟ್ಟಳು.

ಲೆಂಗ್ವೆಯ ಕೈ ಅಭ್ಯಾಸ ಬಲದಿಂದ ಆನೆಯ ಕಡೆ ಬಂತು. ಮೇಲೆಯೇ ನಿಂತಿತು. ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳೂ ನೋಡಿದಳು, ಪರೀಕ್ಷೆಯ ಕೋಣೆಯಲ್ಲಿ ಮಕ್ಕಳನ್ನು ನೋಡುತ್ತಿದ್ದ ಹಾಗೆ, ಮುಖದ ಮೇಲೆ ಏನೂ ಇಲ್ಲದೆ. ಇವಳು ನನ್ನನ್ನು ಬಿಡುವುದಿಲ್ಲ ಎಂದು ಅವನಿಗೆ ಅರ್ಥವಾಗಿರಬೇಕು. ಕೈ ಹಿಂದಕ್ಕೆ ಹೋಗಿ ರಾಜನನ್ನು ಪಕ್ಕದ ಮನೆಗೆ ಸರಿಸಿತು.

ಅವಳು ಮತ್ತೆ ಆನೆ ಒಡ್ಡಿದಳು. ಅವನು ಮತ್ತೆ ಸರಿದ. ಮತ್ತೊಮ್ಮೆ ಒಡ್ಡಿದಳು. ಅವನ ರಾಜ ಮೆಲ್ಲಗೆ ನಡೆದು ಹೋಗಿ ತನ್ನ ಕಾಲಾಳಿನ ಮರೆಯಲ್ಲಿ ನಿಂತ. ಅವಳಿಗೆ ಚೆಕ್ ಕೊಡಲು ಮನೆ ಉಳಿಯಲಿಲ್ಲ. ಇಡೀ ಮಣೆಯನ್ನು ಇನ್ನೊಮ್ಮೆ ನೋಡಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ರಾಜನನ್ನು ಮಲಗಿಸಿದಳು.

"ಲೆಂಗ್ವೆ, ಮೊದಲ ಬೋರ್ಡು," ಎಂದ ಕಪೋಟ್ವೆ. ಫ್ರೈಡೆ ಬಂದು ಕೈಕುಲುಕಿದ, ಮುಖ ಸಪ್ಪಗಿದ್ದರೂ. "ಅಬ್ಬಾ, ಕೋತಿ ತಿನ್ನೋರ ಮನೆ ಜಗಳ ಅಂತೂ ಮುಗೀತು," ಎಂದು ಜೆರೆ ಕೂಗಿದಾಗ ಬಾನಾ ಮ್ವಾಬಾಳಿಗೆ ಜೀವ ಬಂದಂತಾಯಿತು. ಎಲ್ಲರೂ ಫಾಂಟಾ ಕುಡಿಯಲು ಹೊರಗೆ ಹೋದರು. ಮೇಜಿನ ಹತ್ತಿರ ಅವರಿಬ್ಬರೇ ಉಳಿದರು. ಇಬ್ಬರಿಗೂ ಕೈ ಎಲ್ಲಿಡಬೇಕೆಂದು ತೋಚಲಿಲ್ಲ.

"ಒಂದು ಕೇಳ್ತೀನಿ," ಎಂದಳು ಅವಳು. "ನಿನ್ನ ಆಟ ಎಲ್ಲ ನೋಡ್ದೆ. ಯಾರ ಜೊತೆನೂ ನೀನು ಅಷ್ಟು ಎಳೆಯಲ್ಲ. ನನಗೆ ಸೋಲ್ಬೇಕು ಅಂತಿದ್ರೆ ಹತ್ತು ನಡೆಯಲ್ಲೇ ಸೋತು ಎದ್ದು ಹೋಗಬಹುದಿತ್ತಲ್ಲ. ದಿನಾ ಕೊನೇ ಕಾಯಿ ತನಕ ಯಾಕೆ ಎಳೀತಿದ್ದೆ?"

ಲೆಂಗ್ವೆ ಮಣೆಯ ಹೊರಗಿದ್ದ ಕಾಲಾಳೊಂದನ್ನು ಕೈಗೆತ್ತಿಕೊಂಡ.

"ಗೆದ್ರೂ ಆಟ ಮುಗೀತಿತ್ತು, ಸೋತ್ರೂ ಮುಗೀತಿತ್ತು ಅಮ್ಮ," ಎಂದ. "ಮುಗಿದ್ರೆ ನೀವು ಫೋನ್ ಮುಚ್ಚಿಟ್ಟು ಮಲಗ್ತಿದ್ರಿ."

ಬಾನಾ ಮ್ವಾಬಾಳ ಮಂಡಿ ಸಿಡಿಯುತ್ತಿತ್ತು, ಬೆನ್ನು ಸೋತಿತ್ತು, ಬೆಳಗಿನಿಂದ ಹಾಸಿಗೆಯದೇ ಧ್ಯಾನವಾಗಿತ್ತು. ಅವಳು ಮಲಗಿದ್ದ ರಾಜನನ್ನು ಎತ್ತಿ ಅವನ ಮನೆಯಲ್ಲಿ ನಿಲ್ಲಿಸಿದಳು, ಪಕ್ಕದಲ್ಲಿ ರಾಣಿಯನ್ನು ಇಟ್ಟಳು.

"ಜೋಡಿಸು," ಎಂದಳು.